ಬಿಸಿನೆಸ್ ಲೌಂಜ್: ದೇವನಹಳ್ಳಿಯಲ್ಲಿ ಕೂರುವುದೋ, ದೋಹಾ-ದುಬೈನಲ್ಲೋ?

ಅಮೆರಿಕದಲ್ಲೋ ಯೂರೋಪಿನಲ್ಲೋ ಇರುವ ಮಕ್ಕಳು ಅಪ್ಪ-ಅಮ್ಮನಿಗೆ ಬಿಸಿನೆಸ್ ಕ್ಲಾಸ್ ಟಿಕೆಟ್ ತೆಗೆಸಿ ಕಳಿಸುವುದು ಚಿಕ್ಕಬಳ್ಳಾಪುರದಲ್ಲಿ ಈಗ ಅಪರೂಪವೇನಲ್ಲ. ಟಿಕೆಟ್ ಕೈಗೆ ಬಂದ ಕೂಡಲೇ ಶುರುವಾಗುವ ಪ್ರಶ್ನೆ: ಲೌಂಜ್ ಅಂತಾರಲ್ಲ, ಅಲ್ಲಿ ಏನಿರುತ್ತೆ, ಎಷ್ಟು ಮುಂಚೆ ಹೋಗಬೇಕು? ಆ ಒಂದು ಟಿಕೆಟಿನಲ್ಲಿ ಇರುವುದು ಎರಡು ಲೌಂಜು. ಒಂದು ಹೊರಡುವ ಕಡೆ, ಇನ್ನೊಂದು ವಿಮಾನ ಬದಲಿಸುವ ಕಡೆ. ಇವೆರಡನ್ನೂ, ಬ್ಯಾಂಕ್ ಕಾರ್ಡ್ ತೋರಿಸಿ ಹೋಗುವ ಲೌಂಜನ್ನೂ ಬಳಸಿ ನೋಡಿ ನಾವು ಹೇಳುವುದು ಇಷ್ಟು: ಚಿಕ್ಕಬಳ್ಳಾಪುರದವರು ದೇವನಹಳ್ಳಿಯ ಲೌಂಜಿಗಾಗಿ ಮನೆಯಿಂದ ಬೇಗ ಹೊರಡಬೇಕಿಲ್ಲ. ಆ ಹೊತ್ತನ್ನು ವಿಮಾನ ಬದಲಿಸುವ ನಿಲ್ದಾಣದಲ್ಲಿ ಕಳೆಯುವ ಹಾಗೆ ಟಿಕೆಟ್ ಮಾಡಿಸಿಕೊಳ್ಳಿ. ತುಮಕೂರು, ಕೋಲಾರದವರ ಲೆಕ್ಕ ಸ್ವಲ್ಪ ಬೇರೆ.

ಮೊದಲು ದೇವನಹಳ್ಳಿಯ ಲೆಕ್ಕ. 2023ರ ಸೆಪ್ಟೆಂಬರ್ 12ರಿಂದ ಕೆಂಪೇಗೌಡ ನಿಲ್ದಾಣದ ಅಂತರರಾಷ್ಟ್ರೀಯ ವಿಮಾನಗಳೆಲ್ಲ ಎರಡನೇ ಟರ್ಮಿನಲ್‌ನಿಂದಲೇ ಹೊರಡುತ್ತಿವೆ. ವಿದೇಶಿ ಕಂಪನಿಗಳ ಕೌಂಟರ್ ತೆರೆಯುವುದು ಸಾಮಾನ್ಯವಾಗಿ ವಿಮಾನಕ್ಕೆ ಮೂರು ಗಂಟೆ ಮುಂಚೆ, ಕೆಲವರದು ನಾಲ್ಕು ಗಂಟೆ. ಐದು ಗಂಟೆ ಮುಂಚೆ ಹೋದರೆ ಸೂಟ್‌ಕೇಸ್ ಪಕ್ಕದಲ್ಲಿಟ್ಟುಕೊಂಡು ಕೌಂಟರ್ ಎದುರು ಕೂರಬೇಕು, ಲೌಂಜಿನ ಬಾಗಿಲೂ ಕಾಣಿಸುವುದಿಲ್ಲ. ಕೌಂಟರ್ ಆದ ಮೇಲೆ ಇಮಿಗ್ರೇಶನ್, ಆಮೇಲೆ ಸೆಕ್ಯುರಿಟಿ, ಅದಾದ ಮೇಲೆ ಲೌಂಜ್. ಕೊಲ್ಲಿ ಮತ್ತು ಯೂರೋಪಿನ ವಿಮಾನಗಳಲ್ಲಿ ಬಹಳಷ್ಟು ನಡುರಾತ್ರಿಯಿಂದ ಬೆಳಗಿನ ಜಾವದೊಳಗೆ ಹೊರಡುತ್ತವೆ. ಆ ಹೊತ್ತಿನಲ್ಲಿ ಇಮಿಗ್ರೇಶನ್, ಸೆಕ್ಯುರಿಟಿ ಎರಡಕ್ಕೂ ಸೇರಿ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಇಟ್ಟುಕೊಳ್ಳಿ. ಬೋರ್ಡಿಂಗ್ ಶುರುವಾಗುವುದು ಹೊರಡುವುದಕ್ಕೆ ಸುಮಾರು ಒಂದು ಗಂಟೆ ಮುಂಚೆ. ಎಲ್ಲ ಕಳೆದರೆ ಲೌಂಜಿಗೆ ಉಳಿಯುವುದು ಒಂದು, ಹೆಚ್ಚೆಂದರೆ ಒಂದೂವರೆ ಗಂಟೆ.

ಆ ಒಂದು ಗಂಟೆಗೆ ಸಿಗುವುದೇನು? ಇಲ್ಲಿ ವಿದೇಶಿ ಕಂಪನಿಗಳು ಬಿಸಿನೆಸ್ ಪ್ರಯಾಣಿಕರನ್ನು ಹೆಚ್ಚಾಗಿ ಒಪ್ಪಂದದ ಲೌಂಜಿಗೆ ಕಳಿಸುತ್ತವೆ. 080 ಹೆಸರಿನ ಲೌಂಜುಗಳು ಅಂಥವೇ. ಕೌಂಟರಿನಲ್ಲಿ ಬೋರ್ಡಿಂಗ್ ಪಾಸ್ ಜೊತೆ ಲೌಂಜಿನ ಚೀಟಿ ಕೊಡುತ್ತಾರೆ, ಇಲ್ಲವೇ ಪಾಸಿನ ಮೇಲೆಯೇ ನಮೂದಿಸಿರುತ್ತಾರೆ. ಕೊಡದಿದ್ದರೆ ಅಲ್ಲೇ ನಿಂತು ಕೇಳಿ. ಇಮಿಗ್ರೇಶನ್ ದಾಟಿದ ಮೇಲೆ ಮತ್ತೆ ಕೌಂಟರಿಗೆ ಬರಲಾಗದು. ಒಳಗೆ ಊಟದ ಬಫೆ, ಕಾಫಿ-ಟೀ, ವೈಫೈ, ಚಾರ್ಜ್ ಮಾಡಲು ಪ್ಲಗ್, ಸ್ವಚ್ಛವಾದ ಶೌಚಾಲಯ ಸಿಗುತ್ತವೆ. ಕುರ್ಚಿ ಸಿಗುತ್ತದೆ, ಆದರೆ ರಾತ್ರಿ ಒಂದರಿಂದ ನಾಲ್ಕರವರೆಗೆ ಜೋಡಿ ಕುರ್ಚಿ ಹುಡುಕಬೇಕಾಗುತ್ತದೆ. ಒಬ್ಬರು ಮೊದಲು ಜಾಗ ಹಿಡಿದು, ಇನ್ನೊಬ್ಬರು ಊಟಕ್ಕೆ ಹೋಗುವುದು ಸರಿ.

ಊಟದಲ್ಲಿ ಒಂದು ಸೂಕ್ಷ್ಮವಿದೆ. ಮುಚ್ಚಳದ ಸ್ಟೀಲ್ ಪಾತ್ರೆಯಲ್ಲಿ ಕೆಳಗೆ ಬಿಸಿನೀರು ಇಟ್ಟು ಇಡ್ಲಿಯನ್ನು ಬೆಚ್ಚಗಿಟ್ಟಿರುತ್ತಾರೆ. ಆವಿ ಮುಚ್ಚಳಕ್ಕೆ ತಾಗಿ ಹನಿಯಾಗಿ ಮೇಲಿನ ಸಾಲಿನ ಮೇಲೆ ಬೀಳುತ್ತದೆ, ಅಡಿಯ ಸಾಲು ನೀರು ಹೀರಿ ಹಿಟ್ಟಾಗುತ್ತದೆ. ನಡುವಿನ ಸಾಲಿನಿಂದ ತೆಗೆದುಕೊಳ್ಳಿ. ಉಪ್ಪಿಟ್ಟು ಇದಕ್ಕೆ ತದ್ವಿರುದ್ಧ: ಹೊತ್ತಾದಂತೆ ಅಂಚಿನಲ್ಲಿ ಒಣಗಿ ಗಟ್ಟಿಯಾಗುತ್ತದೆ. ಎದುರಿಗೇ ಕಾವಲಿ ಇಟ್ಟು ದೋಸೆ ಹುಯ್ಯುತ್ತಿದ್ದರೆ ಬೇರೇನೂ ಯೋಚಿಸಬೇಡಿ, ಅದನ್ನೇ ಹೇಳಿ. ಯಂತ್ರದ ಕಾಫಿಗಿಂತ ಕೌಂಟರಿನಲ್ಲಿ ಡಿಕಾಕ್ಷನ್ ಇದೆಯಾ ಎಂದು ಕೇಳುವುದು ವಾಸಿ.

ಇದನ್ನು ಕಾರ್ಡಿನ ಲೌಂಜಿನ ಪಕ್ಕಕ್ಕಿಟ್ಟು ನೋಡಿ. ಊಟ, ಕುರ್ಚಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ವ್ಯತ್ಯಾಸ ಇರುವುದು ಬಾಗಿಲಿನಲ್ಲಿ. ಬಿಸಿನೆಸ್ ಟಿಕೆಟಿನವರಿಗೆ ಸರತಿ ಚಿಕ್ಕದು. ಕಾರ್ಡಿನವರು ಉದ್ದ ಸಾಲಿನಲ್ಲಿ ನಿಂತು, ಯಂತ್ರದಲ್ಲಿ ಕಾರ್ಡ್ ಉಜ್ಜಿ, ಪರಿಶೀಲನೆಗೆ ಅಂತ ಸಣ್ಣ ಮೊತ್ತ ಕೊಟ್ಟು ಒಳಗೆ ಹೋಗಬೇಕು. ಕಾರ್ಡ್ ಕೈಕೊಡುವುದು ಮೂರು ಕಾರಣಕ್ಕೆ. ಹಿಂದಿನ ಮೂರು ತಿಂಗಳಲ್ಲಿ ಬ್ಯಾಂಕ್ ಹೇಳಿದಷ್ಟು ಖರ್ಚು ಆಗಿರುವುದಿಲ್ಲ. ಕಾರ್ಡಿನ ಸೌಲಭ್ಯ ದೇಶದೊಳಗಿನ ಲೌಂಜಿಗೆ ಮಾತ್ರ ಇರುತ್ತದೆ, ಅಂತರರಾಷ್ಟ್ರೀಯ ಕಡೆ ನಡೆಯುವುದಿಲ್ಲ. ಅಥವಾ ಮುಖ್ಯ ಕಾರ್ಡಿಗೆ ಪ್ರವೇಶವಿದ್ದು ಹೆಂಡತಿಯ ಹೆಸರಿನ ಆ್ಯಡ್-ಆನ್ ಕಾರ್ಡಿಗೆ ಇರುವುದಿಲ್ಲ. ಪ್ರಯಾರಿಟಿ ಪಾಸ್ (ಹಲವು ದೇಶಗಳ ಲೌಂಜುಗಳಲ್ಲಿ ತೋರಿಸುವ ಸದಸ್ಯತ್ವದ ಕಾರ್ಡ್) ಇದ್ದವರು ಇನ್ನೂ ಒಂದು ನೋಡಿಕೊಳ್ಳಬೇಕು: ಇಲ್ಲಿನ ಬ್ಯಾಂಕುಗಳು ಕೊಡುವ ಎಷ್ಟೋ ಪಾಸುಗಳಲ್ಲಿ ಉಚಿತ ಪ್ರವೇಶ ಇರುವುದು ಭಾರತದ ಹೊರಗೆ ಮಾತ್ರ. ಇಲ್ಲಿ ತೋರಿಸಿದರೆ ಬಾಗಿಲು ತೆರೆಯುತ್ತದೆ, ಮುಂದಿನ ಬಿಲ್ಲಿನಲ್ಲಿ ಡಾಲರ್ ಲೆಕ್ಕದ ಶುಲ್ಕದ ಮೇಲೆ ಜಿಎಸ್‌ಟಿ ಸೇರಿ ಬರುತ್ತದೆ. ಡಿಸೆಂಬರ್-ಜನವರಿಯ ಮಂಜಿನಲ್ಲಿ ಬೆಳಗಿನ ವಿಮಾನ ತಡವಾದರೆ ಕಾರ್ಡಿನವರಿಗೆ ಎರಡು-ಮೂರು ಗಂಟೆಯ ಗಡಿ ಬಿಗಿಯಾಗಿಯೇ ಇರುತ್ತದೆ. ವಿಮಾನ ಕಂಪನಿಯ ಅತಿಥಿಗಳನ್ನು ಸಾಮಾನ್ಯವಾಗಿ ಎಬ್ಬಿಸುವುದಿಲ್ಲ.

ಹಾಗಾಗಿ ದೇವನಹಳ್ಳಿಯ ಲೌಂಜೊಂದಕ್ಕೇ ಬಿಸಿನೆಸ್ ಟಿಕೆಟಿನ ಬೆಲೆ ತೆರುವುದು ದಂಡ. ದುಡ್ಡಿಗೆ ತಕ್ಕದ್ದು ಸಿಗುವುದು ಮುಂದಿನ ನಿಲ್ದಾಣದಲ್ಲಿ.

ದೋಹಾದಲ್ಲಿ ಕತಾರ್ ಏರ್‌ವೇಸ್‌ನ ಅಲ್ ಮೌರ್ಜಾನ್ ಲೌಂಜು ಸುಮಾರು 10,000 ಚದರ ಮೀಟರ್, ಅಂದರೆ ಎರಡೂವರೆ ಎಕರೆ. ಅಲ್ಲಿ ಬಫೆಯ ಜೊತೆಗೆ ಮೇಜಿಗೆ ತಂದುಕೊಡುವ ಊಟ, ಸ್ನಾನದ ಕೋಣೆಗಳು, ಮಲಗಲು ಶಾಂತ ಕೋಣೆಗಳಿವೆ. ಶಾಂತ ಕೋಣೆಗೆ ಸರತಿ ಇರುತ್ತದೆ, ಆದ್ದರಿಂದ ಒಳಗೆ ಕಾಲಿಟ್ಟ ಕೂಡಲೇ ಹೆಸರು ಬರೆಸಿ, ಊಟ ಆಮೇಲೆ. ಸ್ನಾನಕ್ಕೂ ಅದೇ ಕ್ರಮ. ಟವೆಲ್, ಸೋಪು, ಶಾಂಪೂ ಕೊಡುತ್ತಾರೆ. ಬದಲಿ ಬಟ್ಟೆ ಮಾತ್ರ ಕೈಚೀಲದಲ್ಲಿರಬೇಕು, ಚೆಕ್-ಇನ್ ಸೂಟ್‌ಕೇಸಿನಲ್ಲಿಟ್ಟರೆ ಪ್ರಯೋಜನವಿಲ್ಲ. ದುಬೈಯಲ್ಲಿ ಎಮಿರೇಟ್ಸ್‌ನ ಬಲ ಬೇರೆಯದು: ಎರಡಂತಸ್ತಿನ ಎ380 ವಿಮಾನಗಳಿಗೆಂದೇ 2013ರಲ್ಲಿ ತೆರೆದ ಕಾನ್‌ಕೋರ್ಸ್ ಎ ಎಂಬ ಗೇಟುಗಳ ಕಟ್ಟಡದಲ್ಲಿ ಲೌಂಜಿನಿಂದಲೇ ನೇರವಾಗಿ ವಿಮಾನದ ಮೇಲಿನ ಅಂತಸ್ತಿಗೆ ಹತ್ತುವ ಗೇಟುಗಳಿವೆ. ಮಂಡಿ ನೋವಿರುವವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಇನ್ನೊಂದಿಲ್ಲ. ಆದರೆ ಗೇಟ್ ಬೇರೆ ಕಾನ್‌ಕೋರ್ಸಿಗೆ ಬಂದರೆ ರೈಲಿನಲ್ಲೋ ನಡೆದೋ ಹೋಗಬೇಕು. ನಿದ್ದೆಗೆ ದೋಹಾ, ನಡಿಗೆ ಉಳಿಸಲು ದುಬೈ. ಸಿಂಗಾಪುರದಲ್ಲಿ ಸಿಂಗಾಪುರ್ ಏರ್‌ಲೈನ್ಸ್‌ನ ಸಿಲ್ವರ್‌ಕ್ರಿಸ್ ಲೌಂಜಿನಲ್ಲಿ ಊಟ ಒಳ್ಳೆಯದು. ಆದರೆ ಸ್ಟಾರ್ ಅಲಯನ್ಸ್ ಎಂಬ ವಿಮಾನ ಕಂಪನಿಗಳ ಕೂಟದ ಬೇರೆ ಕಂಪನಿ ಕೊಟ್ಟ ಸ್ಟಾರ್ ಗೋಲ್ಡ್ ಕಾರ್ಡ್ ಹಿಡಿದು ಇಕಾನಮಿಯಲ್ಲಿ ಹೋಗುವವರನ್ನು ಪಕ್ಕದ ಕ್ರಿಸ್‌ಫ್ಲೈಯರ್ ಗೋಲ್ಡ್ ಲೌಂಜಿಗೆ ಕಳಿಸುತ್ತಾರೆ. ಫ್ರಾಂಕ್‌ಫರ್ಟಿನ ಲುಫ್ತಾನ್ಸಾ ಬಿಸಿನೆಸ್ ಲೌಂಜಿನಲ್ಲಿ ಸಸ್ಯಾಹಾರಿಗಳು ಆಲೂಗಡ್ಡೆ, ಸಲಾಡು, ಬ್ರೆಡ್ಡಿಗೆ ಮನಸ್ಸು ಮಾಡಿಕೊಂಡೇ ಹೋಗಬೇಕು. ತರಕಾರಿ ಸೂಪಿಗೂ ಮಾಂಸದ ರಸ ಹಾಕಿರಬಹುದು. ವೆಜಿಟೇರಿಯನ್ ಎಂಬ ಚೀಟಿಯಲ್ಲಿ ಮೊಟ್ಟೆಯೂ ಸೇರುತ್ತದೆ. ಮೊಟ್ಟೆ ಮುಟ್ಟದವರು ವೀಗನ್ ಎಂದು ಬರೆದದ್ದನ್ನು ಹುಡುಕುವುದು ಕ್ಷೇಮ.

ಇದಕ್ಕೆಲ್ಲ ಹೊತ್ತು ಬೇಕು. ಒಂದೂಕಾಲು ಗಂಟೆಯಲ್ಲಿ ವಿಮಾನ ಬದಲಿಸುವ ಟಿಕೆಟ್ ತೆಗೆದುಕೊಂಡರೆ ಎರಡೂವರೆ ಎಕರೆ ಲೌಂಜಿದ್ದರೂ ಗೇಟಿನಿಂದ ಗೇಟಿಗೆ ಓಡುವುದೇ ಆಗುತ್ತದೆ. ಮೂರೂವರೆ-ನಾಲ್ಕು ಗಂಟೆ ಅಂತರ ಇರುವ ವಿಮಾನಗಳ ಜೋಡಿಯನ್ನು ಆರಿಸಿ: ಸ್ನಾನಕ್ಕೆ ಅರ್ಧ ಗಂಟೆ, ಊಟಕ್ಕೆ ಮುಕ್ಕಾಲು, ನಿದ್ದೆಗೆ ಒಂದೂವರೆ, ಗೇಟಿಗೆ ನಡೆಯಲು ಇಪ್ಪತ್ತು ನಿಮಿಷ.

ಕಡಿಮೆ ಬೆಲೆಗೆ ಮಾರುಹೋಗುವ ಮುಂಚೆ ದರದ ಹೆಸರು ಓದಿ. ಕತಾರ್‌ನ ಬಿಸಿನೆಸ್ ಲೈಟ್, ಎಮಿರೇಟ್ಸ್‌ನ ಬಿಸಿನೆಸ್ ಸ್ಪೆಷಲ್ ದರಗಳು ಲೌಂಜ್ ಕಳೆದು ಮಾರುವ ಸೀಟುಗಳಾಗಿ ಬಂದವು. ಸೀಟು ಅದೇ, ಊಟ ಅದೇ, ಲೌಂಜ್ ಬಾಗಿಲು ಮಾತ್ರ ಮುಚ್ಚಿರುತ್ತದೆ. ದುಡ್ಡು ಕಟ್ಟುವ ಪುಟದಲ್ಲಿ ಲೌಂಜ್ ಎಂಬ ಸಾಲಿನ ಎದುರು ಟಿಕ್ ಗುರುತು ಇದೆಯೇ ನೋಡಿಕೊಳ್ಳಿ.

ತುಮಕೂರಿನವರು ದಾಬಸ್‌ಪೇಟೆ, ದೊಡ್ಡಬಳ್ಳಾಪುರ ಹಾದು ಬರುವಾಗ, ಕೋಲಾರದವರು ಹೊಸಕೋಟೆ, ಸೂಲಿಬೆಲೆ ಕಡೆಯಿಂದ ಬರುವಾಗ ರಾತ್ರಿ ಲಾರಿಗಳ ಹಿಂದೆ ಸಿಕ್ಕಿಕೊಳ್ಳುವ ಭಯಕ್ಕೆ ಹೇಗೂ ಒಂದು ಗಂಟೆ ಹೆಚ್ಚು ಇಟ್ಟುಕೊಂಡಿರುತ್ತಾರೆ. ಆ ಗಂಟೆ ಉಳಿದರೆ ದೇವನಹಳ್ಳಿಯ ಲೌಂಜು ಅವರಿಗೆ ನಿಜವಾಗಿ ಉಪಯೋಗ. ಚಿಕ್ಕಬಳ್ಳಾಪುರದಿಂದ ಹೆದ್ದಾರಿ 44ರಲ್ಲಿ ಮುಕ್ಕಾಲು ಗಂಟೆಯ ದಾರಿ. ಮನೆಯಲ್ಲಿ ಬಿಸಿ ಮುದ್ದೆ-ಸಾರು ಉಂಡು ಹೊರಟು, ಕೌಂಟರ್ ತೆರೆಯುವ ಹೊತ್ತಿಗೆ ತಲುಪಿದರೆ ಸಾಕು.

ಲೌಂಜಿನೊಳಗೆ ವಿಮಾನದ ಕೂಗು ಹಾಕುತ್ತಾರೆ ಎಂದು ಎಲ್ಲೂ ನಂಬಿ ಕೂರಬೇಡಿ. ಫೋನಿನಲ್ಲಿ ಅಲಾರಂ ಇಡಿ, ಎದ್ದ ಮೇಲೆ ಗೇಟ್ ಸಂಖ್ಯೆಯನ್ನು ಪರದೆಯಲ್ಲಿ ಇನ್ನೊಮ್ಮೆ ನೋಡಿ, ಯಾಕೆಂದರೆ ಅದು ಬದಲಾಗಿರಬಹುದು. ಹೊರಡುವ ಹೊತ್ತಿಗೆ ಇಪ್ಪತ್ತು ನಿಮಿಷ ಇರುವಾಗ ಗೇಟ್ ಮುಚ್ಚಿರುತ್ತದೆ. ವೀಲ್‌ಚೇರ್ ಬರೆಸಿದವರಿಗೆ ಇನ್ನೊಂದು ಮಾತು: ಬದಲಿಸುವ ನಿಲ್ದಾಣಗಳಲ್ಲಿ ವೀಲ್‌ಚೇರಿನವರನ್ನು ಅವರದೇ ಕಾಯುವ ಜಾಗಕ್ಕೆ ಕರೆದೊಯ್ದು ಕೂರಿಸುವುದು ವಾಡಿಕೆ. ತಳ್ಳುವವರಿಗೆ ಮೊದಲೇ ‘ಬಿಸಿನೆಸ್ ಲೌಂಜ್’ ಎಂದು ಹೇಳಿ ಬೋರ್ಡಿಂಗ್ ಪಾಸ್ ತೋರಿಸಿ, ಮತ್ತೆ ಎಷ್ಟು ಗಂಟೆಗೆ ಬರಬೇಕು ಎಂಬುದನ್ನು ಲೌಂಜಿನ ಮೇಜಿನವರ ಎದುರೇ ಮಾತಾಡಿಕೊಳ್ಳಿ.

ವಾಪಸ್ ಬರುವಾಗ ಸ್ನಾನವನ್ನು ದೋಹಾದಲ್ಲೋ ದುಬೈನಲ್ಲೋ ಮುಗಿಸಿಕೊಂಡೇ ಹತ್ತಿ. ಬೆಂಗಳೂರಿಗೆ ಬಂದಿಳಿದ ಮೇಲೆ ಬಿಸಿನೆಸ್ ಟಿಕೆಟಿಗೂ ಲೌಂಜ್ ಇರುವುದಿಲ್ಲ.