ಟ್ರೆಲ್ಲೊದಿಂದ ಜಿರಾಗೆ: ಮೂರು ದಾರಿಗಳನ್ನೂ ಹಿಡಿದು ನೋಡಿದ ಮೇಲೆ

ಟ್ರೆಲ್ಲೊ, ಜಿರಾ ತರಹದ, ತಂಡದ ಕೆಲಸಗಳನ್ನು ಬರೆದಿಟ್ಟು ನಿಭಾಯಿಸುವ ಒಂದು ಪ್ರಾಜೆಕ್ಟ್ ಟೂಲ್‌ನಿಂದ ಇನ್ನೊಂದಕ್ಕೆ ಡೇಟಾ ಸಾಗಿಸುವಾಗ ಕೆಲಸಗಳ ಪಟ್ಟಿ ಸಲೀಸಾಗಿ ಬಂದುಬಿಡುತ್ತದೆ. ಕಷ್ಟ ಇರುವುದು ಆ ಕೆಲಸದ ಕೆಳಗೆ ನಡೆದ ಮಾತುಕತೆಯಲ್ಲಿ. ಯಾರು ಹೇಳಿದರು, ಯಾವಾಗ ಹೇಳಿದರು, ಕೊನೆಗೆ ಯಾಕೆ ಹಾಗೆ ತೀರ್ಮಾನವಾಯಿತು? ಇದೆಲ್ಲ ಹೊಸ ಜಾಗದಲ್ಲಿ ಸಿಗುತ್ತದೋ ಇಲ್ಲವೋ ಅನ್ನುವುದನ್ನೇ ನಾನು ಮುಖ್ಯವಾಗಿ ನೋಡಿದೆ.

ನಮ್ಮದು ಮಕ್ಕಳಿಗೆ ಕನ್ನಡ ಪಾಠ ತಯಾರಿಸುವ ಸಣ್ಣ ತಂಡ. ಪಾಠ ಬರೆಯುವವರು, ಚಿತ್ರ ಬಿಡಿಸುವವರು ಟ್ರೆಲ್ಲೊ ಬಳಸುತ್ತಿದ್ದರು. ಆಪ್ ಕಟ್ಟುವವರು ಮೊದಲಿನಿಂದಲೂ ಜಿರಾದಲ್ಲಿದ್ದರು. ಪಾಠ ಮುಗಿಯದೆ ಆಪ್ ಕೆಲಸ ಮುಂದೆ ಹೋಗದು, ಆದರೆ ಒಂದು ಇನ್ನೊಂದಕ್ಕೆ ಕಾಯುತ್ತಿದೆ ಎಂದು ಎರಡು ಟೂಲ್‌ಗಳ ನಡುವೆ ಗುರುತು ಹಾಕುವುದು ಹೇಗೆ? ಹಾಗಾಗಿ ಎಲ್ಲರೂ ಜಿರಾದಲ್ಲೇ ಇರೋಣ ಅಂತಾಯಿತು. 2017ರಲ್ಲಿ ಅಟ್ಲಾಸಿಯನ್ ಟ್ರೆಲ್ಲೊವನ್ನು ಕೊಂಡಾಗಿನಿಂದ ಎರಡೂ ಒಂದೇ ಕಂಪನಿಯವು. ಆದರೆ ಎರಡರ ಒಳಗಿನ ಕಟ್ಟಡ ಬೇರೆ ಬೇರೆ. ಅದು ಸಾಗಿಸುವಾಗ ಗೊತ್ತಾಗುತ್ತದೆ.

ಟ್ರೆಲ್ಲೊದಲ್ಲಿ ಒಂದೊಂದು ಕೆಲಸವೂ ಒಂದು ಕಾರ್ಡ್. ಕಾರ್ಡ್‌ಗಳು ಲಿಸ್ಟ್‌ಗಳಲ್ಲಿ, ಲಿಸ್ಟ್‌ಗಳು ಬೋರ್ಡ್‌ನಲ್ಲಿ ಇರುತ್ತವೆ. ನಮ್ಮ ಬೋರ್ಡ್‌ನ ಒಂದು ಕಾರ್ಡ್ ಹೇಳುತ್ತೇನೆ. ಊಟದ ಬಗ್ಗೆ ಒಂದು ಪಾಠ. ಮೊದಲ ಚಿತ್ರದಲ್ಲಿ ತಟ್ಟೆಯಲ್ಲಿ ರಾಗಿ ಮುದ್ದೆ ಇತ್ತು. ಕಲಬುರಗಿ ಕಡೆಯ ಟೀಚರ್ ಒಬ್ಬರು, ನಮ್ಮ ಮಕ್ಕಳ ತಟ್ಟೆಯಲ್ಲಿ ಇರೋದು ಜೋಳದ ರೊಟ್ಟಿ, ಇದನ್ನ ನೋಡಿ ಏನು ಅಂತ ಕೇಳ್ತಾರೆ ಎಂದು ಕಾಮೆಂಟ್ ಹಾಕಿದರು. ಅದರ ಕೆಳಗೆ ಉದ್ದದ ಚರ್ಚೆ. ಕೊನೆಗೆ ಎರಡೂ ಇರುವ ಚಿತ್ರ ಬಂತು. ನಾಳೆ ಹೊಸ ಕಲಾವಿದರು ಬಂದು ಒಂದೇ ತಟ್ಟೆ ಸಾಕಲ್ವಾ ಎಂದು ಕೇಳಿದರೆ ಉತ್ತರ ಆ ಕಾಮೆಂಟ್‌ಗಳಲ್ಲಿದೆ. ಕಾರ್ಡ್‌ನ ಹೆಸರು ಬರೀ ‘ಊಟದ ಪಾಠ, ಚಿತ್ರ 2’. ಈ ಕಾರ್ಡ್ ಪ್ರತಿ ದಾರಿಯಲ್ಲೂ ಹೇಗೆ ಬಂತು ಅನ್ನುವುದೇ ನನ್ನ ಪರೀಕ್ಷೆಯಾಗಿತ್ತು.

ಸಿದ್ಧ ಇಂಪೋರ್ಟರ್

ಹೊಸ ಟೂಲ್‌ನಲ್ಲೇ ‘ಟ್ರೆಲ್ಲೊದಿಂದ ತನ್ನಿ’ ಎನ್ನುವ ಬಟನ್ ಇರುತ್ತದೆ. ಜಿರಾ ಕ್ಲೌಡ್‌ನಲ್ಲಿದೆ (ಅಟ್ಲಾಸಿಯನ್ ತಾನೇ ಇಂಟರ್ನೆಟ್‌ನಲ್ಲಿ ನಡೆಸುವ ಜಿರಾ), ಇನ್ನೂ ಹಲವು ಟೂಲ್‌ಗಳಲ್ಲಿದೆ. ಅಕೌಂಟ್ ಜೋಡಿಸಿ, ಬೋರ್ಡ್ ಆರಿಸಿ, ಯಾವ ಲಿಸ್ಟ್ ಯಾವ ಸ್ಟೇಟಸ್ ಆಗಬೇಕು ಎಂದು ಹೇಳಿದರೆ ಮುಗಿಯಿತು. ಕೋಡ್ ಗೊತ್ತಿಲ್ಲದವರೂ ಮಾಡಬಹುದು. ಇದು ದೊಡ್ಡ ಅನುಕೂಲ, ಇದನ್ನು ಕಡಿಮೆ ಮಾಡಿ ಹೇಳುವುದಿಲ್ಲ.

ಆದರೆ ಇಂಪೋರ್ಟರ್ ತನಗೆ ತಿಳಿದಂತೆ ತರುತ್ತದೆ, ನಡುವೆ ನಮ್ಮ ಮಾತಿಗೆ ಜಾಗ ಕಡಿಮೆ. ನಾನು ಬಳಸಿ ನೋಡಿದ ಒಂದು ಇಂಪೋರ್ಟರ್‌ನಲ್ಲಿ ಎಲ್ಲ ಕಾಮೆಂಟ್‌ಗಳೂ ನನ್ನ ಹೆಸರಿನಲ್ಲಿ, ಇಂಪೋರ್ಟ್ ಮಾಡಿದ ದಿನದ ತಾರೀಖಿನಲ್ಲಿ ಬಂದು ಕೂತವು. ರೊಟ್ಟಿಯ ಮಾತನ್ನು ಆಡಿದ್ದು ಟೀಚರ್ ಅಲ್ಲ, ನಾನು ಎಂದಾಯಿತು. ಪಠ್ಯ ಇದ್ದರೂ ಅದರ ತೂಕ ಹೋಯಿತು. ಸಣ್ಣ ಬೋರ್ಡ್, ಹೊಸ ಬೋರ್ಡ್, ಕಾಮೆಂಟ್‌ಗಳೇ ಇಲ್ಲದ ಬೋರ್ಡ್ ಆಗಿದ್ದರೆ ಕಣ್ಣುಮುಚ್ಚಿ ಈ ದಾರಿ ಹಿಡಿಯಿರಿ. ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ದುಡ್ಡು ಕೊಟ್ಟರೆ ಸಾಗಿಸಿಕೊಡುವ ಬೇರೆ ಸೇವೆಗಳೂ ಇವೆ. ಅವುಗಳಿಗೆ ಎರಡೂ ಕಡೆಯ ಅಕೌಂಟ್‌ನ ಪೂರ್ತಿ ಕೀಲಿ ಕೊಡಬೇಕು. ನಮ್ಮ ಕಾರ್ಡ್‌ಗಳಲ್ಲಿ ಟೀಚರ್‌ಗಳ ಫೋನ್ ನಂಬರ್ ಇತ್ತು. ಅದನ್ನು ಹೊರಗಿನವರ ಕೈಗೆ ಕೊಡಲು ನನಗೆ ಮನಸ್ಸಾಗಲಿಲ್ಲ.

ಸಿಎಸ್‌ವಿ ದಾರಿ

ಸಿಎಸ್‌ವಿ ಅಂದರೆ ಸಾಲು, ಕಾಲಂಗಳ ಡೇಟಾವನ್ನು ಅಲ್ಪವಿರಾಮ ಹಾಕಿ ಬರೆದಿಟ್ಟ ಸರಳ ಪಠ್ಯ ಫೈಲ್. ಹಳೆಯ ಕಾಲದ್ದು, ಒರಟು ಎಂದು ಜನ ಇದನ್ನು ಬದಿಗಿಡುತ್ತಾರೆ. ನನಗೆ ಜಾಸ್ತಿ ಉಪಯೋಗಕ್ಕೆ ಬಂದಿದ್ದು ಇದೇ.

ಟ್ರೆಲ್ಲೊದಲ್ಲಿ ಸಿಎಸ್‌ವಿ ಎಕ್ಸ್‌ಪೋರ್ಟ್ ಪ್ರೀಮಿಯಂ ಪ್ಲಾನ್‌ನವರಿಗೆ ಸಿಗುತ್ತದೆ. ಅದರಲ್ಲೂ ಕಾಮೆಂಟ್‌ಗಳ ಎಣಿಕೆ ಇರುತ್ತದೆಯೇ ಹೊರತು ಮಾತು ಇರುವುದಿಲ್ಲ. ಜೇಸನ್ (ಪ್ರೋಗ್ರಾಂಗಳು ಓದುವ ಇನ್ನೊಂದು ಪಠ್ಯ ನಮೂನೆ) ಎಕ್ಸ್‌ಪೋರ್ಟ್ ಮಾತ್ರ ಎಲ್ಲರಿಗೂ ಸಿಗುತ್ತದೆ, ಮಾತುಕತೆ ಇರುವುದೂ ಅದರಲ್ಲೇ. ಹಾಗಾಗಿ ಜೇಸನ್ ಇಳಿಸಿಕೊಂಡು, ಪೈಥಾನ್ ಭಾಷೆಯಲ್ಲಿ ಬರೆದ ಸಣ್ಣ ಸ್ಕ್ರಿಪ್ಟ್‌ನಿಂದ (ಪುಟ್ಟ ಪ್ರೋಗ್ರಾಂ) ಅದನ್ನು ಸಿಎಸ್‌ವಿ ಮಾಡಿ ಜಿರಾಗೆ ಕೊಡಬೇಕು. ಆ ಜೇಸನ್ ಒಳಗೆ ಕೆಲವು ಸಂಗತಿಗಳನ್ನು ಗಮನಿಸಬೇಕು.

ಆರ್ಕೈವ್ ಮಾಡಿದ, ಅಂದರೆ ಅಳಿಸದೆ ಬದಿಗೆ ತೆಗೆದಿಟ್ಟ ಕಾರ್ಡ್‌ಗೆ ‘ಕ್ಲೋಸ್ಡ್’ ಎಂಬ ಗುರುತು ಇರುತ್ತದೆ. ಆದರೆ ಇಡೀ ಲಿಸ್ಟನ್ನೇ ಆರ್ಕೈವ್ ಮಾಡಿದ್ದರೆ ಆ ಗುರುತು ಲಿಸ್ಟ್‌ಗೆ ಬೀಳುತ್ತದೆ, ಒಳಗಿನ ಕಾರ್ಡ್‌ಗಳಿಗೆ ಬೀಳುವುದಿಲ್ಲ. ಕಾರ್ಡ್ ಒಂದನ್ನೇ ನೋಡಿ ನಿರ್ಧರಿಸಿದರೆ, ಎಂದೋ ಮುಗಿಸಿ ಮಡಿಚಿಟ್ಟ ಕೆಲಸಗಳು ಮತ್ತೆ ಬಾಕಿ ಕೆಲಸಗಳಾಗಿ ಎದ್ದು ಕೂರುತ್ತವೆ. ಎರಡನ್ನೂ ನೋಡಬೇಕು.

ಕಾರ್ಡ್ ಹುಟ್ಟಿದ ದಿನಕ್ಕೆ ಬೇರೆ ಕಾಲಂ ಹುಡುಕಬೇಡಿ. ಕಾರ್ಡ್‌ನ ಉದ್ದನೆಯ ಐಡಿಯ ಮೊದಲ 8 ಅಕ್ಷರಗಳಲ್ಲೇ ಅದು ಅಡಗಿದೆ. ಆ ಹೆಕ್ಸ್ (16ರ ಆಧಾರದ) ಸಂಖ್ಯೆಯನ್ನು ಮಾಮೂಲಿ ಸಂಖ್ಯೆ ಮಾಡಿದರೆ 1970ರಿಂದ ಎಣಿಸಿದ ಸೆಕೆಂಡ್‌ಗಳು ಸಿಗುತ್ತವೆ. ಎಷ್ಟು ಹಳೆಯ ಕಾರ್ಡ್ ಆದರೂ ಸರಿ, ಅದು ಬರೆದ ನಿಮಿಷ ಸಿಕ್ಕಿಬಿಡುತ್ತದೆ. ಇದು ಕೆಲಸ ಮಾಡಿದಾಗ ನನಗೆ ನಿಜಕ್ಕೂ ಖುಷಿಯಾಯಿತು.

ಮೂರನೆಯದು ಸ್ವಲ್ಪ ಅಪಾಯದ್ದು. ಜೇಸನ್ ಎಕ್ಸ್‌ಪೋರ್ಟ್‌ನಲ್ಲಿ ಇತ್ತೀಚಿನ 1000 ಚಟುವಟಿಕೆಗಳು ಮಾತ್ರ ಬರುತ್ತವೆ. ಚಟುವಟಿಕೆ ಅಂದರೆ ಕಾಮೆಂಟ್ ಅಷ್ಟೇ ಅಲ್ಲ. ಕಾರ್ಡನ್ನು ಒಂದು ಲಿಸ್ಟ್‌ನಿಂದ ಇನ್ನೊಂದಕ್ಕೆ ಎಳೆದರೂ ಅದು ಒಂದು ಲೆಕ್ಕ. ಓಡಾಟ ಜೋರಾಗಿರುವ ಬೋರ್ಡ್‌ನಲ್ಲಿ ಹಳೆಯ ಕಾಮೆಂಟ್‌ಗಳು ಆ ಸಾವಿರದ ಆಚೆ ಉಳಿದುಬಿಡುತ್ತವೆ. ಫೈಲ್ ನೋಡಿದರೆ ಎಲ್ಲ ಇದೆ ಅನ್ನಿಸುತ್ತದೆ. ಹಳೆಯ ಕಾರ್ಡ್ ಒಂದನ್ನು ತೆರೆದು ಹೋಲಿಸಿದರಷ್ಟೇ ಕೊರತೆ ಕಾಣುವುದು. ಉಳಿದದ್ದನ್ನು ಎಪಿಐ (ನಮ್ಮ ಪ್ರೋಗ್ರಾಂ ನೇರವಾಗಿ ಟೂಲ್ ಜೊತೆ ಮಾತಾಡುವ ದಾರಿ) ಮೂಲಕ ಸಾವಿರ ಸಾವಿರವಾಗಿ ಹಿಂದಕ್ಕೆ ಹೋಗುತ್ತಾ ತರಬೇಕು.

ಇನ್ನು ಜಿರಾ ಕಡೆ. ಅಡ್ಮಿನ್ ಅಕೌಂಟ್‌ನಿಂದ ಸಿಎಸ್‌ವಿ ಇಂಪೋರ್ಟ್ ಮಾಡಿದರೆ ಹುಟ್ಟಿದ ದಿನ, ವರದಿ ಮಾಡಿದವರು, ಕಾಮೆಂಟ್ ಬರೆದವರು, ಬರೆದ ಹೊತ್ತು ಎಲ್ಲವನ್ನೂ ಹೇಳಿಕೊಡಬಹುದು. ಕಾಮೆಂಟ್ ಕಾಲಂನಲ್ಲಿ ಮೊದಲು ತಾರೀಖು, ಒಂದು ಸೆಮಿಕೋಲನ್, ಬರೆದವರು, ಇನ್ನೊಂದು ಸೆಮಿಕೋಲನ್, ಆಮೇಲೆ ಮಾತು. ಕ್ಲೌಡ್‌ನಲ್ಲಿ ಬರೆದವರ ಜಾಗಕ್ಕೆ ಅವರ ಅಕೌಂಟ್ ಐಡಿ ಹಾಕಬೇಕು. ಐದು ಕಾಮೆಂಟ್ ಇದ್ದರೆ ‘ಕಾಮೆಂಟ್’ ಎಂಬ ಒಂದೇ ಹೆಸರಿನ ಐದು ಕಾಲಂ. ನೋಡಲು ವಿಚಿತ್ರ, ಆದರೆ ಅದೇ ಸರಿಯಾದ ಕ್ರಮ. ಊಟದ ಪಾಠದ ಕಾರ್ಡ್ ಹೀಗೆ ಬಂದಾಗ ಟೀಚರ್ ಮಾತು ಟೀಚರ್ ಹೆಸರಿನಲ್ಲೇ, ಅವರು ಬರೆದ ದಿನದಲ್ಲೇ ಇತ್ತು.

ತಂಡ ಬಿಟ್ಟು ಹೋದವರಿಗೆ ಜಿರಾದಲ್ಲಿ ಅಕೌಂಟ್ ಇರುವುದಿಲ್ಲವಲ್ಲ. ಅವರ ಕಾಮೆಂಟ್‌ಗಳ ಮೊದಲ ಸಾಲಿನಲ್ಲೇ ಅವರ ಹೆಸರು ಬರುವಂತೆ ಸ್ಕ್ರಿಪ್ಟ್‌ನಲ್ಲಿ ಮಾಡಿದೆ. ಅದು ಸಾಕು.

ತಾರೀಖಿನ ವಿಷಯಕ್ಕೆ ಬಂದರೆ, ಜಿರಾ ಕೇಳುವ ನಮೂನೆಯಲ್ಲಿ ತಿಂಗಳಿಗೆ ದೊಡ್ಡಕ್ಷರದ ಎರಡು ಎಂ, ನಿಮಿಷಕ್ಕೆ ಸಣ್ಣಕ್ಷರದ ಎರಡು ಎಂ. ಅದಲು ಬದಲಾದರೆ ತಿಂಗಳು ಹೋಗಿ ನಿಮಿಷವಾಗುತ್ತದೆ. 04/05 ಅಂದರೆ ನಮಗೆ ಮೇ 4, ಅಮೆರಿಕದವರಿಗೆ ಏಪ್ರಿಲ್ 5. ವರ್ಷ ಮೊದಲು, ಆಮೇಲೆ ತಿಂಗಳು, ಆಮೇಲೆ ದಿನ ಎಂದು ಬರೆದರೆ ಈ ಗೊಂದಲವೇ ಇಲ್ಲ. ಟ್ರೆಲ್ಲೊದ ಸಮಯವೆಲ್ಲ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿರುತ್ತದೆ. 5 ಗಂಟೆ 30 ನಿಮಿಷ ಕೂಡಿಸದಿದ್ದರೆ ನಡುರಾತ್ರಿ ದಾಟಿದ ಮೇಲೆ ಬರೆದ ಕಾಮೆಂಟ್ ಹಿಂದಿನ ದಿನಕ್ಕೆ ಜಾರುತ್ತದೆ.

ಕನ್ನಡದಲ್ಲಿ ಕೆಲಸ ಮಾಡುವವರು ಇನ್ನೂ ಕೆಲವನ್ನು ನೋಡಿಕೊಳ್ಳಬೇಕು. ಯುಟಿಎಫ್-8 (ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಒಂದು ಎನ್‌ಕೋಡಿಂಗ್) ಸಿಎಸ್‌ವಿ ಫೈಲನ್ನು ಡಬಲ್ ಕ್ಲಿಕ್ ಮಾಡಿ ಸ್ಪ್ರೆಡ್‌ಶೀಟ್‌ನಲ್ಲಿ ತೆರೆದಾಗ, ಎಷ್ಟೋ ಸಲ ಕನ್ನಡದ ಒಂದೊಂದು ಅಕ್ಷರದ ಜಾಗದಲ್ಲೂ ಅರ್ಥವಿಲ್ಲದ ಮೂರು ಚಿಹ್ನೆ ಕಾಣುತ್ತವೆ. ಯುಟಿಎಫ್-8ರಲ್ಲಿ ನಮ್ಮ ಅಕ್ಷರಕ್ಕೆ 3 ಬೈಟ್ ಬೇಕು, ಅದನ್ನು ಬಿಡಿಬಿಡಿಯಾಗಿ ಓದಿದ ಫಲ ಇದು. ಅಷ್ಟಕ್ಕೆ ಡೇಟಾ ಕೆಟ್ಟಿಲ್ಲ. ಆದರೆ ಅದನ್ನೇ ಸೇವ್ ಮಾಡಿದರೆ ಕೆಡುತ್ತದೆ. ಲಿಬ್ರೆಆಫೀಸ್ ಕ್ಯಾಲ್ಕ್ ಎಂಬ ಸ್ಪ್ರೆಡ್‌ಶೀಟ್ ಫೈಲ್ ತೆರೆಯುವ ಮೊದಲೇ ಯಾವ ಎನ್‌ಕೋಡಿಂಗ್ ಎಂದು ಕೇಳುತ್ತದೆ. ನಾನು ಅದರಲ್ಲೇ ನೋಡುತ್ತೇನೆ, ತಿದ್ದುವುದನ್ನು ಮಾತ್ರ ಸ್ಕ್ರಿಪ್ಟ್‌ನಲ್ಲೇ ಮಾಡುತ್ತೇನೆ.

ಲೇಬಲ್‌ಗಳಲ್ಲಿ ಕಣ್ಣಿಗೆ ಕಾಣದ ಇನ್ನೊಂದು ತೊಡಕಿದೆ. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ‘ಫ್ಟ್’ ಮತ್ತು ‘ವೇ’ ಬೇರೆ ನಿಲ್ಲಲಿ ಎಂದು ನಡುವೆ ಕಾಣದ ಒಂದು ಚಿಹ್ನೆ ಹಾಕುತ್ತೇವೆ. ಅದು ಕೊನೆಯಲ್ಲಿ ಎಲ್ಲೋ ಉಳಿದುಕೊಂಡರೂ ಗೊತ್ತಾಗುವುದಿಲ್ಲ. ನೋಡಲು ಒಂದೇ ತರ ಇರುವ ಎರಡು ಲೇಬಲ್ ಎರಡಾಗಿಯೇ ಬರುತ್ತವೆ, ಒಂದನ್ನು ಹುಡುಕಿದರೆ ಇನ್ನೊಂದರ ಕಾರ್ಡ್‌ಗಳು ಸಿಗುವುದಿಲ್ಲ. ಜಿರಾದ ಲೇಬಲ್‌ನಲ್ಲಿ ಸ್ಪೇಸ್ ಇರುವಂತೆಯೂ ಇಲ್ಲ. ‘ಚಿತ್ರ ಬಾಕಿ’ ಎಂಬುದನ್ನು ನಡುವೆ ಅಡ್ಡಗೆರೆ ಹಾಕಿ ಸೇರಿಸಬೇಕು. ಶೀರ್ಷಿಕೆಗೆ 255 ಅಕ್ಷರದ ಮಿತಿ ಇದೆ. ಕನ್ನಡದಲ್ಲಿ ಗುಣಿತ, ಒತ್ತು ಎಲ್ಲ ಬೇರೆ ಬೇರೆ ಲೆಕ್ಕವಾಗುವುದರಿಂದ ಅದು ಬೇಗ ತುಂಬುತ್ತದೆ. ಉದ್ದದ ಶೀರ್ಷಿಕೆಯನ್ನು ಕತ್ತರಿಸಿ, ಪೂರ್ತಿ ಸಾಲನ್ನು ವಿವರಣೆಯ ಮೇಲ್ಭಾಗದಲ್ಲಿ ಇಟ್ಟೆ.

ಟ್ರೆಲ್ಲೊ ಚೆಕ್‌ಲಿಸ್ಟ್‌ಗಳನ್ನು ಸಬ್‌ಟಾಸ್ಕ್ (ದೊಡ್ಡ ಕೆಲಸದ ಕೆಳಗಿನ ಉಪಕೆಲಸ) ಮಾಡಿ ಎಂದು ಹಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ‘ಕಾಗುಣಿತ ನೋಡು’, ‘ಬಣ್ಣ ನೋಡು’ ಎಂಬ ಸಣ್ಣ ಸಾಲುಗಳೆಲ್ಲ ಒಂದೊಂದು ನಂಬರ್ ಪಡೆದು ಬೋರ್ಡ್ ತುಂಬಿದರೆ ನಿಜವಾದ ಕೆಲಸ ಎಲ್ಲಿದೆ ಎಂದು ಕಾಣುವುದಿಲ್ಲ. ವಿವರಣೆಯೊಳಗೆ ಸಾಲಾಗಿ ಬರೆದರೆ ಸಾಕು.

ಎಪಿಐ ದಾರಿ

ಎಲ್ಲಕ್ಕಿಂತ ಶಕ್ತಿಶಾಲಿ ಇದೇ ಎಂದು ಮೊದಲು ಅನ್ನಿಸುತ್ತದೆ. ಒಂದು ಕಡೆಯಿಂದ ಓದು, ಇನ್ನೊಂದು ಕಡೆ ಬರೆ, ನಡುವೆ ನಮಗೆ ಬೇಕಾದಂತೆ ಬದಲಿಸು. ವೇಗದ ಮಿತಿಯೂ ದೊಡ್ಡ ಅಡ್ಡಿಯಲ್ಲ. ಟ್ರೆಲ್ಲೊದಲ್ಲಿ ಒಂದು ಟೋಕನ್‌ಗೆ (ಪಾಸ್‌ವರ್ಡ್ ಬದಲು ಪ್ರೋಗ್ರಾಂ ತೋರಿಸುವ ಗುರುತಿನ ಕೋಡ್) 10 ಸೆಕೆಂಡ್‌ಗೆ 100 ಕೋರಿಕೆ. ಮೀರಿದರೆ 429 ಎಂಬ ಉತ್ತರ ಬರುತ್ತದೆ, ಸ್ವಲ್ಪ ಕಾದು ಮತ್ತೆ ಕೇಳಬೇಕು ಅಷ್ಟೆ.

ಆದರೆ ಮುಖ್ಯ ವಿಷಯದಲ್ಲೇ ಇದು ಹಿಂದೆ ಬೀಳುತ್ತದೆ. ಜಿರಾ ಕ್ಲೌಡ್‌ನ ಎಪಿಐಯಿಂದ ಕೆಲಸ ಸೃಷ್ಟಿಸಿದರೆ ಹುಟ್ಟಿದ ದಿನ ಅಂದರೆ ಇವತ್ತೇ. ಕಾಮೆಂಟ್ ಹಾಕಿದರೆ ಬರೆದವರು ಟೋಕನ್ ಇರುವವರೇ. ಇದಕ್ಕೆ ಕಾರಣವೂ ಇದೆ. ಯಾರು ಬೇಕಾದರೂ ಇನ್ನೊಬ್ಬರ ಹೆಸರಿನಲ್ಲಿ, ಹಿಂದಿನ ತಾರೀಖಿನಲ್ಲಿ ಬರೆಯುವಂತಿದ್ದರೆ ದಾಖಲೆಗೆ ಬೆಲೆ ಇರುವುದಿಲ್ಲ. ಆದರೆ ಸಾಗಿಸುವವರಿಗೆ ಅದರಿಂದ ಕೈ ಕಟ್ಟಿದಂತಾಗುತ್ತದೆ. ಜೊತೆಗೆ ಪ್ರತಿ ಸೃಷ್ಟಿಗೂ ಇಮೇಲ್ ಹೋಗಬಹುದು. ಮೊದಲೇ ಪ್ರಾಜೆಕ್ಟ್‌ಗೆ ಖಾಲಿ ನೋಟಿಫಿಕೇಷನ್ ಸ್ಕೀಮ್ (ಯಾರಿಗೆ ಇಮೇಲ್ ಹೋಗಬೇಕೆಂಬ ನಿಯಮಪಟ್ಟಿ) ಹಾಕಿಡಿ, ಇಲ್ಲದಿದ್ದರೆ ಎಲ್ಲರ ಇನ್‌ಬಾಕ್ಸ್ ತುಂಬುತ್ತದೆ.

ಎಪಿಐ ಗೆಲ್ಲುವುದು ಫೈಲ್‌ಗಳಲ್ಲಿ. ಟ್ರೆಲ್ಲೊ ಜೇಸನ್‌ನಲ್ಲಿ ಚಿತ್ರಗಳ ಲಿಂಕ್ ಇರುತ್ತದೆ, ಚಿತ್ರ ಇರುವುದಿಲ್ಲ. ಟ್ರೆಲ್ಲೊಗೆ ಹಾಕಿದ ಫೈಲ್ ಇಳಿಸಲು ಕೋರಿಕೆಯ ಹೆಡರ್‌ನಲ್ಲಿ (ಅದರ ಜೊತೆ ಹೋಗುವ ಮಾಹಿತಿ ಸಾಲು) ಕೀ ಮತ್ತು ಟೋಕನ್ ಕಳಿಸಬೇಕು. ಹಾಗಾಗಿ ಸಿಎಸ್‌ವಿಯಲ್ಲಿ ಬರೀ ಲಿಂಕ್ ಹಾಕಿದರೆ ಜಿರಾಗೆ ಆ ಫೈಲ್ ಸಿಗುವುದಿಲ್ಲ. ನಮಗೆ ಚಿತ್ರಗಳೇ ಅರ್ಧ ಆಸ್ತಿ. ಸ್ಕ್ರಿಪ್ಟ್‌ನಿಂದ ಇಳಿಸಿ, ಜಿರಾಗೆ ಹತ್ತಿಸಿದೆ. ಹತ್ತಿಸುವಾಗ ‘ಎಕ್ಸ್-ಅಟ್ಲಾಸಿಯನ್-ಟೋಕನ್’ ಎಂಬ ಹೆಡರ್‌ನಲ್ಲಿ ‘ನೋ-ಚೆಕ್’ ಎಂದು ಕಳಿಸಬೇಕು, ಇಲ್ಲದಿದ್ದರೆ ಜಿರಾ ಒಪ್ಪುವುದಿಲ್ಲ.

ನಾವು ಮಾಡಿದ್ದು

ಕಾರ್ಡ್, ಕಾಮೆಂಟ್ ಎಲ್ಲ ಸಿಎಸ್‌ವಿಯಲ್ಲಿ. ಫೈಲ್ ಎಪಿಐಯಲ್ಲಿ. ಎರಡನ್ನೂ ಜೋಡಿಸಲು ಜಿರಾದಲ್ಲಿ ‘ಹಳೆ ಕಾರ್ಡ್’ ಎಂಬ ಹೊಸ ಫೀಲ್ಡ್ ಮಾಡಿ, ಟ್ರೆಲ್ಲೊ ಲಿಂಕ್‌ನಲ್ಲಿ ‘/c/’ ಆದ ಮೇಲೆ ಬರುವ ಚಿಕ್ಕ ಕೋಡನ್ನು ಅದರಲ್ಲಿ ತುಂಬಿದೆ. ಇಂಪೋರ್ಟ್ ಮುಗಿದ ಮೇಲೆ ಯಾವ ಹಳೆ ಕೋಡ್‌ಗೆ ಯಾವ ಹೊಸ ನಂಬರ್ ಎಂಬ ಪಟ್ಟಿ ಅದರಿಂದ ಸಿಗುತ್ತದೆ. ಚಿತ್ರಗಳು ಸರಿಯಾದ ಕಾರ್ಡ್‌ಗೆ ಹೋಗಿದ್ದು ಆ ಪಟ್ಟಿಯಿಂದ. ವಿವರಣೆಗಳಲ್ಲಿ ‘ಇದನ್ನೂ ನೋಡಿ’ ಎಂದು ಹಾಕಿದ್ದ ಹಳೆ ಟ್ರೆಲ್ಲೊ ಲಿಂಕ್‌ಗಳನ್ನು ಹೊಸ ನಂಬರ್‌ಗೆ ಬದಲಿಸಿದ್ದೂ ಅದರಿಂದಲೇ. ನೀವು ಯಾವುದೇ ಎರಡು ಟೂಲ್‌ಗಳ ನಡುವೆ ಸಾಗಿಸುತ್ತಿರಲಿ, ಈ ಒಂದು ಫೀಲ್ಡ್ ಮಾತ್ರ ಬಿಡಬೇಡಿ.

ಪರೀಕ್ಷೆಗೆ ಸುಲಭದ ಕಾರ್ಡ್‌ಗಳನ್ನು ಆರಿಸಬೇಡಿ. ಅತಿ ಉದ್ದದ ಶೀರ್ಷಿಕೆ, ಅತಿ ಹೆಚ್ಚು ಕಾಮೆಂಟ್, ತಂಡ ಬಿಟ್ಟವರು ಬರೆದದ್ದು, ಆರ್ಕೈವ್ ಆದ ಲಿಸ್ಟ್‌ನದ್ದು, ಕನ್ನಡ ಲೇಬಲ್ ಇರುವುದು, ಇಂಥವನ್ನು ಹುಡುಕಿ ಬೇರೆ ಖಾಲಿ ಪ್ರಾಜೆಕ್ಟ್‌ಗೆ ಮೊದಲು ತನ್ನಿ. ಅವು ಸರಿ ಬಂದರೆ ಉಳಿದವು ಬಂದೇ ಬರುತ್ತವೆ. ನೋಡಲು ಆ ಕಾರ್ಡ್ ಬರೆದವರನ್ನೇ ಕೂರಿಸಿ. ನನಗೆ ಸರಿಯಾಗಿ ಕಂಡ ಒಂದು ಕಾರ್ಡ್‌ನಲ್ಲಿ ಇನ್ನೊಂದು ಚಿತ್ರ ಇತ್ತಲ್ಲ ಎಂದು ಗುರುತಿಸಿದ್ದು ಅದನ್ನು ಬಿಡಿಸಿದ ಹುಡುಗಿ.

ಎಲ್ಲ ಮುಗಿದ ಮೇಲೂ ಹಳೆ ಬೋರ್ಡನ್ನು ಪೂರ್ತಿ ಅಳಿಸಬೇಡಿ. ಟ್ರೆಲ್ಲೊದಲ್ಲಿ ಬೋರ್ಡ್ ಮುಚ್ಚುವುದು ಬೇರೆ, ಅಳಿಸುವುದು ಬೇರೆ. ಮುಚ್ಚಿದರೆ ಯಾರೂ ಅಭ್ಯಾಸಬಲದಿಂದ ಅಲ್ಲೇ ಹೊಸ ಕಾರ್ಡ್ ಹಾಕುವುದಿಲ್ಲ, ಬೇಕಾದಾಗ ಮತ್ತೆ ತೆರೆಯಬಹುದು. ಮುಚ್ಚುವ ಮೊದಲು ಕೊನೆಯ ಬಾರಿ ಜೇಸನ್ ಇಳಿಸಿ, ಚಿತ್ರಗಳ ಫೋಲ್ಡರ್ ಜೊತೆ ಇಡಿ.