ಶಿವಮೊಗ್ಗದ ಕ್ಲೇಮ್ ಕೇಸಾ, ಬೆಂಗಳೂರಿನ ದಿವಾಳಿ ಕೇಸಾ?

ವಿಮೆ, ಸಾಲದ ಕಡೆ ವಕೀಲಿಕೆ ಮಾಡುವ ಆಸೆಯೇ? ದಾರಿ ಎರಡಿವೆ.

ಅಪಘಾತದ ಕ್ಲೇಮ್ ಕೇಸು ಇಲ್ಲೇ, ಶಿವಮೊಗ್ಗ ಕೋರ್ಟಿನಲ್ಲೇ ನಡೆಯುತ್ತದೆ. ತೀರ್ಥಹಳ್ಳಿ ರಸ್ತೆಯಲ್ಲಿ ಲಾರಿ ಬಡಿದು ಕಾಲು ಮುರಿದವನು ಎಕ್ಸ್‌ರೇ ಕವರ್ ಹಿಡಿದು ಎದುರು ಕೂರುತ್ತಾನೆ. ಮರ ಹತ್ತಿ ಅಡಿಕೆ ಕೊನೆ ತೆಗೆಯುವವನು. ಇನ್ನು ಹತ್ತಲಾರ. ಅವನ ಕೂಲಿ, ವಯಸ್ಸು, ಡಾಕ್ಟರ್ ಬರೆದ ಊನದ ಶೇಕಡಾ, ಇಷ್ಟರ ಮೇಲೆ ಲೆಕ್ಕ. ಪರಿಹಾರ ಬಂದರೂ ಪೂರ್ತಿ ಕೈಗೆ ಸಿಗುವುದಿಲ್ಲ. ಕೋರ್ಟು ಒಂದಿಷ್ಟನ್ನು ಎಫ್‌ಡಿಗೆ ಹಾಕಿಸುವುದುಂಟು. ತಿಂಗಳು ತಿಂಗಳು ಕಂತಾಗಿ ಕೊಡುವ ಠೇವಣಿಯೂ ಇದೆ. ಬೈಗುಳ ಮಾತ್ರ ವಕೀಲರಿಗೆ!

ಕಂಪನಿ ದಿವಾಳಿಗೆ 2016ರ ಕಾಯ್ದೆ. ಬಾಕಿ ಕನಿಷ್ಠ 1 ಕೋಟಿ ರೂಪಾಯಿ ಇರಬೇಕು. ಈ ಕೇಸು ನಡೆಸುವ ಎನ್‌ಸಿಎಲ್‌ಟಿ (ಕಂಪನಿ ಕೇಸುಗಳ ನ್ಯಾಯಮಂಡಳಿ) ಬೆಂಗಳೂರಿನಲ್ಲಿ, ಅಂದರೆ ಬೆಳಗಿನ ಜನಶತಾಬ್ದಿಯೇ ಗತಿ. ಮುಗಿಸಲು 330 ದಿನ ಎಂದಿದೆ, ಎಳೆಯುವುದೇ ಜಾಸ್ತಿ. ಬ್ಯಾಲೆನ್ಸ್ ಶೀಟ್ ಓದಲು ಬರಬೇಕು. ವಿಮಾ ಕಂಪನಿಯೇ ಮುಳುಗಿದರೆ ಮಾತ್ರ ಹಾದಿ ಬೇರೆ, ಅಲ್ಲಿ 1938ರ ವಿಮಾ ಕಾಯ್ದೆ ನೋಡಬೇಕು.

ದುಡ್ಡು ಎರಡನೆಯದರಲ್ಲಿ ಜಾಸ್ತಿ, ನಿಜ. ಆದರೆ ಮನೆ, ತೋಟ ಬಿಟ್ಟು ಹೋಗಲಾಗದವರಿಗೆ ನಾನು ಕ್ಲೇಮ್ ಕೇಸನ್ನೇ ಹೇಳುತ್ತೇನೆ. 10 ವರ್ಷ ವಕೀಲಿಕೆ ಆದಮೇಲೆ ದಿವಾಳಿ ವೃತ್ತಿಪರರ (ದಿವಾಳಿ ಪ್ರಕ್ರಿಯೆ ನಡೆಸಿಕೊಡುವವರ) ಪರೀಕ್ಷೆ ಹೇಗೂ ಬರೆಯಬಹುದು, ಅಲ್ವಾ?