ಮಕ್ಕಳ ಮೊದಲ ರೈಲು ಸೆಟ್ಟು: ಹಳಿ ನೋಡಿ ಕೊಳ್ಳಿ

ಬೆಳಗಾವಿಯ ಖಡೇಬಜಾರಿನಲ್ಲಿ ಯಾವುದೇ ಆಟಿಕೆ ಅಂಗಡಿಗೆ ಹೋಗಿ ಮಗುವಿಗೊಂದು ರೈಲು ಬೇಕು ಅನ್ನಿ. ಅಂಗಡಿಯವರು ಬಾಕ್ಸ್ ಬಿಚ್ಚಿ, ಎಂಜಿನ್ನಿಗೆ ಪೆನ್ಸಿಲ್ ಸೆಲ್ ಹಾಕಿ, ಗಾಜಿನ ಕೌಂಟರಿನ ಮೇಲೆ ಬಿಟ್ಟು ತೋರಿಸುತ್ತಾರೆ. ದೀಪ ಹತ್ತುತ್ತದೆ, ಸೀಟಿ ಹೊಡೆಯುತ್ತದೆ, ಮಗು ಕುಣಿಯುತ್ತದೆ, ವ್ಯಾಪಾರ ಮುಗಿಯುತ್ತದೆ. ಗಾಜಿನ ಮೇಲೆ ಎಂಥ ಎಂಜಿನ್ನೂ ಓಡುತ್ತದೆ. ಪರೀಕ್ಷೆ ಮಾಡಬೇಕಾದದ್ದು ಹಳಿಯನ್ನು, ಅದು ಮಾತ್ರ ಬಾಕ್ಸಿನ ತಳದಲ್ಲಿ ಪ್ಲಾಸ್ಟಿಕ್ ಚೀಲದೊಳಗೇ ಉಳಿದಿರುತ್ತದೆ.

ಆ ಚೀಲ ತೆಗೆಸಿ. ಎರಡು ತಿರುವಿನ ತುಂಡು ಜೋಡಿಸಿ, ಒಂದು ತುದಿ ಹಿಡಿದು ಎತ್ತಿ. ಇನ್ನೊಂದು ತುಂಡು ತನ್ನ ಭಾರಕ್ಕೆ ತಾನೇ ಕಳಚಿ ಬಿದ್ದರೆ ಬೇಡ. ಬಿಡಿಸಲು ನಿಮ್ಮ ಉಗುರೇ ಬೇಕಾದರೂ ಬೇಡ, ಮೂರು ವರ್ಷದ ಕೈಗೆ ಅದು ಆಗದ ಕೆಲಸ. ಜೋಡಿಸಿದ ಜಾಗದ ಮೇಲೆ ಉಗುರು ಎಳೆಯಿರಿ. ಉಗುರು ಎಡವಿದರೆ ಗಾಲಿಯೂ ಅಲ್ಲೇ ಎಡವುತ್ತದೆ. ಕೊನೆಗೆ, ಒಂದು ತುಂಡು ಇನ್ನೊಂದಕ್ಕೆ ಸಿಕ್ಕಿಕೊಳ್ಳುವ ಆ ಸಣ್ಣ ನಾಲಿಗೆಯನ್ನು ಹತ್ತಿರದಿಂದ ನೋಡಿ. ನಾಲ್ಕೈದು ಸಲ ಹಾಕಿ ತೆಗೆಯುವಷ್ಟರಲ್ಲಿ ಅದರ ಬುಡದಲ್ಲಿ ಕೂದಲಿನಷ್ಟು ಸಣ್ಣ ಬಿಳಿ ಗೆರೆ ಮೂಡಿದರೆ ಪ್ಲಾಸ್ಟಿಕ್ಕು ಸೋತಿದೆ ಎಂದರ್ಥ, ಮುರಿಯುವುದೂ ಅಲ್ಲೇ. ಅಗ್ಗದ ಸೆಟ್ಟುಗಳಲ್ಲಿ ಮೋಟರಿಗಿಂತ ಮೊದಲು ಸಾಯುವುದು ಈ ನಾಲಿಗೆ. ಬಿಡಿ ಹಳಿ ಯಾರೂ ಮಾರದ ಕಾರಣ, ಒಂದು ತುಂಡು ಹೋದರೆ ವೃತ್ತ ಪೂರ್ತಿಯಾಗದೆ ಇಡೀ ಸೆಟ್ಟೇ ಮೂಲೆ ಸೇರುತ್ತದೆ.

ಹಳಿಗೆ ಇಷ್ಟು ಮಹತ್ವ ಕೊಡಲು ಇನ್ನೊಂದು ಕಾರಣವಿದೆ. ನಮ್ಮ ಭಾಗದವರಿಗೆ ಮೀಟರ್ ಗೇಜು, ಬ್ರಾಡ್ ಗೇಜಿನ ಕತೆ ಹೊಸದಲ್ಲ. ಗೇಜು ಅಂದರೆ ಎರಡು ಹಳಿಗಳ ನಡುವಿನ ಅಂತರ; 1000 ಮಿ.ಮೀ. ಹಳಿಯ ಡಬ್ಬಿ 1676 ಮಿ.ಮೀ. ಹಳಿಯ ಮೇಲೆ ಓಡುವುದಿಲ್ಲ. ಆಟಿಕೆಯಲ್ಲೂ ಅದೇ ನಿಯಮ. ಒಂದು ಕಂಪನಿಯ ಪ್ಲಾಸ್ಟಿಕ್ ಹಳಿ ಇನ್ನೊಂದಕ್ಕೆ ಸಾಮಾನ್ಯವಾಗಿ ಕೂಡುವುದಿಲ್ಲ. ಮೊದಲ ಸೆಟ್ಟಿನ ಜೊತೆ ನೀವು ಒಂದು ಗೇಜನ್ನೂ ಆರಿಸಿಕೊಂಡಿರುತ್ತೀರಿ, ಮುಂದಿನ ಹುಟ್ಟುಹಬ್ಬಗಳ ಖರ್ಚೆಲ್ಲ ಅದರ ಹಿಂದೆಯೇ ಹೋಗುತ್ತದೆ.

ಎರಡರಿಂದ ನಾಲ್ಕು ವರ್ಷದ ಮಗುವಿಗೆ ನಮ್ಮ ಓಟು ಮರದ ಹಳಿಗೆ. ಸ್ವೀಡನ್ನಿನ ಬ್ರಿಯೋ ಕಂಪನಿ 1958ರಲ್ಲಿ ತಂದ ಮಾದರಿ ಇದು: ಸುಮಾರು 40 ಮಿ.ಮೀ. ಅಗಲದ ಮರದ ಪಟ್ಟಿ, ಅದರಲ್ಲಿ ಗಾಲಿ ಓಡಲು ಕೊರೆದ ಎರಡು ತೋಡು, ಒಂದು ತುದಿಗೆ ಗುಂಡನೆಯ ಗೂಟ, ಇನ್ನೊಂದಕ್ಕೆ ಅದೇ ಆಕಾರದ ತೂತು. ಐಕಿಯಾದ ಲಿಲ್ಲಾಬೋ, ಹೇಪ್ ಕಂಪನಿಯ ಸೆಟ್ಟುಗಳು ಇದರೊಂದಿಗೆ ಕೂಡುತ್ತವೆ. ಹೀಗೆ ಬೇರೆಬೇರೆ ಕಂಪನಿಯ ಹಳಿ ಒಂದಕ್ಕೊಂದು ಸೇರುವ ಅನುಕೂಲ ಪ್ಲಾಸ್ಟಿಕ್ಕಿನಲ್ಲಿ ಸಿಗುವುದು ಕಡಿಮೆ. ನಮ್ಮ ಅಂಗಡಿಗಳಲ್ಲಿ ಮರದ ಸೆಟ್ಟು ಅಪರೂಪ. ಆನ್‌ಲೈನ್ ತರಿಸಬೇಕು, ಇಲ್ಲವೇ ಬೆಂಗಳೂರಿಗೆ ಹೋಗುವವರ ಕೈಲಿ ನಾಗಸಂದ್ರದ ಐಕಿಯಾದಿಂದ ತರಿಸಬೇಕು.

ತುಂಡುಗಳ ಲೆಕ್ಕ ಗೊತ್ತಿದ್ದರೆ ಬಾಕ್ಸಿನ ಮೇಲಿನ ದೊಡ್ಡ ಅಂಕಿಗೆ ಮೋಸ ಹೋಗುವುದಿಲ್ಲ. ‘50 ಪೀಸ್’ ಎಂದಿದ್ದಲ್ಲಿ ಮರ, ಮನುಷ್ಯ, ಸಿಗ್ನಲ್ ಕಂಬವೆಲ್ಲ ಪೀಸೇ. ಹಳಿ ಮಾತ್ರ ಎಣಿಸಿ. ದೊಡ್ಡ ತಿರುವು ಎಂಟಿದ್ದರೆ ಒಂದು ವೃತ್ತ, ಹೆಚ್ಚುಕಡಿಮೆ ಒಂದು ಮೊಳ ಅಗಲ. ಅದಕ್ಕೆ ನಾಲ್ಕು ನೇರ ತುಂಡು ಸೇರಿಸಿದರೆ ಮೊಟ್ಟೆಯಾಕಾರ. ಎಂಟರ ಆಕಾರ ಬೇಕಾದರೆ ಅಡ್ಡ ದಾಟುವ ತುಂಡೋ ಸೇತುವೆಯೋ ಇರಲೇಬೇಕು. ಹಳಿ ಕವಲೊಡೆಯುವ ತುಂಡು ಒಂದೇ ಇದ್ದರೆ ರೈಲು ಪಕ್ಕಕ್ಕೆ ಹೋಗಿ ನಿಲ್ಲುತ್ತದೆ ಅಷ್ಟೆ, ಮತ್ತೆ ಮುಖ್ಯ ಹಳಿಗೆ ಬರಲು ಎರಡು ಬೇಕು, ಎಡದ್ದೊಂದು, ಬಲದ್ದೊಂದು. ಕೆಲವು ಕವಲಿನ ತುದಿಗಳಲ್ಲಿ ತೂತಿಗೆ ತೂತೇ ಎದುರಾಗುತ್ತದೆ. ಅಂಥಲ್ಲಿ ಎರಡೂ ಕಡೆ ಗೂಟವಿರುವ ಚೋಟುದ್ದದ ತುಂಡು ಬೇಕಾಗುತ್ತದೆ, ಸೆಟ್ಟಿನಲ್ಲಿದೆಯೇ ನೋಡಿಕೊಳ್ಳಿ.

ಬೋಗಿಗಳು ಆಯಸ್ಕಾಂತದಿಂದ ಅಂಟುತ್ತವೆ. ಎರಡು ಬೋಗಿ ಒಂದನ್ನೊಂದು ದೂಡಿದರೆ ಕೆಟ್ಟಿವೆ ಅಂದುಕೊಳ್ಳಬೇಡಿ, ಒಂದನ್ನು ತಿರುಗಿಸಿಡಿ, ಅಂಟುತ್ತದೆ. ಆದರೆ ಕೊಳ್ಳುವಾಗಲೇ ಆಯಸ್ಕಾಂತವನ್ನು ಉಗುರಿನಿಂದ ಮೀಟಿ ನೋಡಿ. ಅಲುಗಾಡಿದರೆ ವಾಪಸ್ ಕೊಡಿ. ಮಗು ಎರಡು ಆಯಸ್ಕಾಂತ ನುಂಗಿದರೆ ಅವು ಕರುಳಿನ ಗೋಡೆಯನ್ನು ನಡುವೆ ಹಿಡಿದು ಅಂಟಿಕೊಂಡು ತೂತು ಮಾಡಬಲ್ಲವು. ಇದು ಆಪರೇಷನ್ನಿಗೆ ಹೋಗುವ ಕೇಸು.

ಬೆಳಗಾವಿಯ ಮಳೆಗಾಲದಲ್ಲಿ ಮರದ ಗೂಟ ಉಬ್ಬಿ ತೂತಿನಲ್ಲಿ ಬಿಗಿಯುತ್ತದೆ. ಬಡಿಯಬೇಡಿ, ಕತ್ತು ಸೀಳುತ್ತದೆ. 220 ನಂಬರಿನ ಪಾಲಿಶ್ ಕಾಗದದಿಂದ ಗೂಟವನ್ನು ಸುತ್ತಲೂ ಒಂದೆರಡು ಸಲ ತಿಕ್ಕಿದರೆ ಸಾಕು, ತೂತಿಗೆ ಕೈ ಹಚ್ಚಬೇಡಿ. ಜಾಸ್ತಿ ತಿಕ್ಕಿದರೆ ಬೇಸಿಗೆಯಲ್ಲಿ ಜೋಡಣೆ ಲೊಡಲೊಡ ಆಗುತ್ತದೆ. ನೀರಲ್ಲಿ ತೊಳೆಯುವುದಂತೂ ಬೇಡವೇ ಬೇಡ.

ಚನ್ನಪಟ್ಟಣದ ಅರಗಿನ ಬಣ್ಣದ ರೈಲೂ ಚೆಂದ, ಆದರೆ ಅದು ದಾರ ಕಟ್ಟಿ ಎಳೆಯುವ ಆಟಿಕೆ, ಹಳಿಯದಲ್ಲ. ಒಂದೂವರೆ ವರ್ಷದ ಮಗುವಿಗೆ ಅದಕ್ಕಿಂತ ಹೆಚ್ಚಿನದು ಬೇಕಾಗಿಯೂ ಇಲ್ಲ.

ಈಗ ಎಲ್ಲರೂ ಕೊಳ್ಳುವ ಸೆಲ್ ರೈಲಿನ ವಿಷಯ. 2025ರ ಆಗಸ್ಟಿನಲ್ಲಿ ಬೆಂಗಳೂರು–ಬೆಳಗಾವಿ ವಂದೇ ಭಾರತ ಶುರುವಾದ ಮೇಲೆ ಟಿಳಕವಾಡಿ ಗೇಟಿನಲ್ಲಿ ನಿಂತು ಅದನ್ನು ನೋಡಿದ ಹುಡುಗರಿಗೆಲ್ಲ ಬಿಳಿ ರೈಲೇ ಬೇಕು. ಕೊಡಿಸಿ, ತಪ್ಪೇನಿಲ್ಲ. ಆದರೆ ನಾಲ್ಕು ತುಂಬುವ ಮೊದಲು ಬೇಡ. ಸಣ್ಣ ಮಕ್ಕಳು ಯಾವ ರೈಲನ್ನಾದರೂ ಕೈಯಿಂದ ತಳ್ಳಿಯೇ ತಳ್ಳುತ್ತಾರೆ. ಸೆಲ್ ಎಂಜಿನ್ನಿನ ಗಾಲಿ ಹಲ್ಲುಚಕ್ರದ ಮೂಲಕ ಮೋಟರಿಗೆ ಕಟ್ಟಿಕೊಂಡಿರುತ್ತದೆ. ಒತ್ತಿ ತಳ್ಳಿದರೆ ಪ್ಲಾಸ್ಟಿಕ್ಕಿನ ಹಲ್ಲು ಸವೆಯುತ್ತದೆ. ಆಮೇಲೆ ಮೋಟರ್ ಕರ್ ಎನ್ನುತ್ತದೆ, ಗಾಲಿ ತಿರುಗುವುದಿಲ್ಲ. ಅದಕ್ಕೆ ರಿಪೇರಿ ಇಲ್ಲ.

ಗಾಲಿ ತಿರುಗುತ್ತಿದ್ದರೂ ಎಂಜಿನ್ ನಿಂತಲ್ಲೇ ನಿಂತಿದ್ದರೆ ಕಾರಣ ಬೇರೆ. ಎಂಜಿನ್ನನ್ನು ಬೋರಲು ಹಾಕಿ ನೋಡಿ: ಎಳೆಯುವ ಗಾಲಿಗಳಿಗೆ ಸಣ್ಣ ರಬ್ಬರ್ ಉಂಗುರ ಇರುತ್ತದೆ, ಅದು ಬಿಚ್ಚಿಹೋಗಿರುತ್ತದೆ. ಹಳಿಯ ಸುತ್ತಮುತ್ತ ಹುಡುಕಿದರೆ ಸಿಗುತ್ತದೆ. ಓಟ ನಿಧಾನವಾಗಿ ಕಿರ್ ಎನ್ನುತ್ತಿದ್ದರೆ ಅಚ್ಚಿಗೆ ಕೂದಲೋ ಜಮಖಾನೆಯ ನೂಲೋ ಸುತ್ತಿದೆ. ಸೂಜಿಯಿಂದ ಎತ್ತಿ ಸಣ್ಣ ಕತ್ತರಿಯಿಂದ ಕತ್ತರಿಸಿ. ಜಮಖಾನೆಯ ಮೇಲೆ ಹಳಿ ಹಾಸಲೇಬಾರದು ಎನ್ನುವುದು ಇದಕ್ಕೇ. ಬರೀ ಶಾಬಾದ್ ಫರಸಿಯ ಮೇಲೂ ಹಾಸಬಾರದು. ಬಾಗಲಕೋಟೆ, ವಿಜಯಪುರದ ಹಳೆಯ ಮನೆಗಳಲ್ಲಿ ಎರಡು ಕಲ್ಲಿನ ನಡುವಿನ ಸಂದು ತಗ್ಗಾಗಿರುತ್ತದೆ, ಹಳಿಯ ಜೋಡಣೆ ಅಲ್ಲಿಗೇ ಬಂದರೆ ಬಾಗಿ ರೈಲು ಬೀಳುತ್ತದೆ. ಫ್ರಿಜ್ಜೋ ಟೀವಿಯೋ ಬಂದ ದಪ್ಪ ರಟ್ಟನ್ನು ಬಿಡಿಸಿ ಹಾಸಿದರೆ ಬರೋಬ್ಬರಿ.

ತಿರುವಿನಲ್ಲಿ ಬೋಗಿ ಒಳಗಡೆಗೆ ಮಗುಚುತ್ತಿದ್ದರೆ ಹಿಂದಿನ ಬೋಗಿಗಳನ್ನು ಕಡಿಮೆ ಮಾಡಿ. ಉದ್ದ ಹೆಚ್ಚಾದಷ್ಟೂ ಎಂಜಿನ್ನಿನ ಎಳೆತ ನಡುವಿನ ಹಗುರ ಬೋಗಿಯನ್ನು ಒಳಕ್ಕೆ ಸೆಳೆಯುತ್ತದೆ. ಸಣ್ಣ ವೃತ್ತಕ್ಕೆ ಎಂಜಿನ್ ಮತ್ತು ಎರಡು ಬೋಗಿ ಸಾಕು.

ಸೆಲ್ಲಿಗೆ ಬಂದರೆ, ಮಾಮೂಲಿ ಅಗ್ಗದ ಸೆಲ್ ಗೋಡೆ ಗಡಿಯಾರಕ್ಕೆ ಸರಿ, ಮೋಟರಿಗಲ್ಲ, ಬೇಗ ಇಳಿಯುತ್ತದೆ. ಆಲ್ಕಲೈನ್ ಹಾಕಿ, ಇಲ್ಲವೇ ರಿಚಾರ್ಜ್ ಆಗುವುದನ್ನು ಕೊಳ್ಳಿ. ರಿಚಾರ್ಜ್ ಸೆಲ್ 1.2 ವೋಲ್ಟ್, ಮಾಮೂಲಿಯದು 1.5. ಮೂರು ಸೆಲ್ಲಿನ ಎಂಜಿನ್ನಿಗೆ 4.5ರ ಬದಲು 3.6 ಸಿಕ್ಕಿ ಓಟ ಸ್ವಲ್ಪ ನಿಧಾನವಾಗುತ್ತದೆ, ಹಳಿ ತಪ್ಪುವುದೂ ಕಡಿಮೆಯಾಗುತ್ತದೆ. ಹಳೆಯದನ್ನೂ ಹೊಸದನ್ನೂ ಬೆರೆಸಬೇಡಿ. ರಜೆಗೆ ಊರಿಗೆ ಹೊರಟಾಗ ತೆಗೆದಿಡಿ, ಸೋರಿದರೆ ಒಳಗಿನ ಸ್ಪ್ರಿಂಗ್ ತುಕ್ಕು ಹಿಡಿಯುತ್ತದೆ.

ಸೆಲ್ಲಿನ ಮುಚ್ಚಳಕ್ಕೆ ಸ್ಕ್ರೂ ಇರಲೇಬೇಕು. ರಿಮೋಟಿನಲ್ಲಿ ಗುಂಡಿ ಸೆಲ್ ಇದ್ದರೆ ಇನ್ನೂ ಎಚ್ಚರ. ಗಂಟಲಲ್ಲಿ ಸಿಕ್ಕ ಗುಂಡಿ ಸೆಲ್ ಎರಡು ತಾಸಿನಲ್ಲೇ ಅನ್ನನಾಳ ಸುಡಬಲ್ಲದು.

2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ವಿದ್ಯುತ್ ಇಲ್ಲದ ಆಟಿಕೆಗೆ ಐಎಸ್ 9873, ಸೆಲ್ಲಿನದಕ್ಕೆ ಐಎಸ್ 15644 ಎಂದು ಬಾಕ್ಸಿನ ಮೇಲೆ ಇರಬೇಕು. ಬನಶಂಕರಿ ಜಾತ್ರೆಯಲ್ಲೋ ಸಂಕ್ರಮಣದ ಸಿದ್ಧೇಶ್ವರ ಜಾತ್ರೆಯಲ್ಲೋ ರಾಶಿ ಹಾಕಿ ಮಾರುವ ರೈಲುಗಳಿಗೆ ಬಾಕ್ಸೇ ಇರುವುದಿಲ್ಲ, ಗುರುತೆಲ್ಲಿಂದ ಬರಬೇಕು? ಚನ್ನಪಟ್ಟಣದಂಥ ಜಿಐ (ಭೌಗೋಳಿಕ ಗುರುತು) ನೋಂದಣಿಯ ಕರಕುಶಲ ಆಟಿಕೆಗೆ ಇದರಿಂದ ವಿನಾಯಿತಿ ಇದೆ.

ಲೆಗೋ ಡುಪ್ಲೋ (ಸಣ್ಣ ಮಕ್ಕಳು ಜೋಡಿಸುವ ದೊಡ್ಡ ಇಟ್ಟಿಗೆಗಳ ಸೆಟ್ಟು) ರೈಲು ದುಬಾರಿ, ಆದರೆ ಎರಡು ವರ್ಷದಿಂದಲೇ ಕೊಡಬಹುದಾದ ಸೆಲ್ ರೈಲು ಎಂದರೆ ಅದು. ಮುಂದಕ್ಕೆ ತಳ್ಳಿದರೆ ಹೊರಡುತ್ತದೆ, ಅಂದರೆ ಮಗು ಮಾಡುವ ‘ತಪ್ಪನ್ನೇ’ ಅವರು ಸ್ವಿಚ್ ಮಾಡಿದ್ದಾರೆ. ಮನೆಯಲ್ಲಿ ಡುಪ್ಲೋ ಇಟ್ಟಿಗೆ ಮೊದಲೇ ಇದ್ದರೆ ಯೋಚಿಸಿ.

ಹಳಿಯಲ್ಲೇ ಕರೆಂಟು ಹರಿಯುವ ಹಾರ್ನ್‌ಬಿ, ಬಾಕ್‌ಮನ್ ಸೆಟ್ಟು ಎಂಟು ವರ್ಷದೊಳಗಿನವರಿಗೆ ಬೇಡ. ಹಳಿಯ ಅಂತರ 16.5 ಮಿ.ಮೀ., ಎಳೆಯ ಬೆರಳಿಗೆ ಗಾಲಿ ಕೂಡಿಸುವುದೇ ಕಷ್ಟ. ವಿಜಯಪುರದ ಬೇಸಿಗೆಯ ಧೂಳು ಹಳಿಯ ಮೇಲೆ ಕೂತರೆ ಕರೆಂಟು ಮುಟ್ಟದೆ ಎಂಜಿನ್ ತಡವರಿಸುತ್ತದೆ, ಸ್ಪಿರಿಟ್ಟಿನಿಂದ ಒರೆಸುತ್ತಲೇ ಇರಬೇಕು. ಮಗನ ಹೆಸರಿನಲ್ಲಿ ಅಪ್ಪ ಕೊಂಡುಕೊಳ್ಳುವುದಾದರೆ ಅದು ಬೇರೆ ಮಾತು.

ಬಜೆಟ್ಟು ಕಡಿಮೆ, ಅಂಗಡಿಯ ಪ್ಲಾಸ್ಟಿಕ್ ಸೆಟ್ಟೇ ಗತಿ ಎಂದಾದರೆ, ಒಂದು ದೊಡ್ಡದರ ಬದಲು ಒಂದೇ ಥರದ ಎರಡು ಸಣ್ಣ ಸೆಟ್ಟು ಕೊಳ್ಳಿ. ಹಳಿ ದುಪ್ಪಟ್ಟಾಗುತ್ತದೆ, ಮುರಿದ ನಾಲಿಗೆಗೆ ಬದಲಿ ತುಂಡು ಸಿಗುತ್ತದೆ, ಒಂದು ಎಂಜಿನ್ ಕೆಟ್ಟರೆ ಇನ್ನೊಂದಿರುತ್ತದೆ. ಎರಡನ್ನೂ ಅದೇ ದಿನ, ಅದೇ ಅಂಗಡಿಯಲ್ಲಿ, ಒಂದರ ಹಳಿಯನ್ನು ಇನ್ನೊಂದರ ಹಳಿಗೆ ಕೂಡಿಸಿ ನೋಡಿಯೇ ದುಡ್ಡು ಕೊಡಿ. ಮುಂದಿನ ಸ್ಟಾಕಿನಲ್ಲಿ ಬಾಕ್ಸಿನ ಚಿತ್ರ ಅದೇ ಇದ್ದರೂ ನಾಲಿಗೆಯ ಅಳತೆ ಬೇರೆಯಾಗಿರಬಹುದು.